ಅಕ್ಕ ಬೇಡವೆಂದ ಫೋಟೊ

ಶನಿವಾರಸಂತೆಯಲ್ಲಿ ಅಪ್ಪ ನಡೆಸುತ್ತಿದ್ದ ಫೋಟೊ ಸ್ಟುಡಿಯೊವನ್ನು ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತಿದ್ದೇನೆ. ಪಾಸ್‌ಪೋರ್ಟ್ ಸೈಜಿನ ಫೋಟೊ, ಶಾಲೆಯ ಗ್ರೂಪ್ ಫೋಟೊ, ಮದುವೆ, ನಾಮಕರಣ, ತೀರಿಹೋದವರ ಹಳೆಯ ಚಿತ್ರವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಡುವುದು, ಇಷ್ಟೇ ಕೆಲಸ. ಸ್ಟುಡಿಯೊದ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅಮ್ಮನೂ ಹೋದ ಮೇಲೆ ಅಲ್ಲಿ ನಾನೂ ಅಕ್ಕನೂ ಇಬ್ಬರೇ ಇರುತ್ತೇವೆ. ನಾನು ಮದುವೆಯಾಗಲಿಲ್ಲ. ಅಕ್ಕನಿಗೆ ಆಗಿತ್ತು. ಮುಂದಿನ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರವಿದೆ. ಅವಳು ರವಿಕೆ ಹೊಲಿಯುತ್ತಾಳೆ, ನಾನು ಫೋಟೊ ತೆಗೆಯುತ್ತೇನೆ. ನಮ್ಮಿಬ್ಬರಿಗೂ ನಾಲ್ಕು ವರ್ಷದ ಅಂತರವಿದ್ದರೂ ಮುಖ ಒಂದೇ ಅಚ್ಚು. ಫೋಟೊ ತೆಗೆಸಲು ಬಂದವರು ಎಷ್ಟೋ ಸಲ ಅವಳ ಮುಂದೆ ಹೋಗಿ ನಿಂತು, "ಮೇಡಂ, ಆಧಾರ್ ಕಾರ್ಡಿಗೆ ಬೇಕಿತ್ತು" ಎಂದದ್ದುಂಟು.

ಅಕ್ಕನಿಗೆ ಸ್ಕಿಜೋಫ್ರೇನಿಯಾ ಇದೆ. ಈ ಪದವನ್ನು ನಾನು ಸಲೀಸಾಗಿ ಹೇಳಲು ಕಲಿತದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೆ ಮನೆಯಲ್ಲಿ "ಅವಳಿಗೆ ಹುಷಾರಿಲ್ಲ" ಎನ್ನುತ್ತಿದ್ದೆವು. ಊರಿನವರು ಬೇರೆ ಏನೇನೋ ಎನ್ನುತ್ತಿದ್ದರು.

ಅವಳನ್ನು ತಿತಿಮತಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರಿಗೆ ಕೊಟ್ಟಿದ್ದರು. ಆಳುಗಳ ಹಾಜರಿ ಬರೆದು ಕೆಲಸ ಹಂಚುವ ಕೆಲಸ ಅವರದು. ಎಸ್ಟೇಟಿನವರೇ ಕೊಟ್ಟ ಮನೆ, ಹಿಂದೆ ತಂತಿ ಬೇಲಿ, ಬೇಲಿಯಾಚೆ ಕಾಡು. ಆ ಮನೆಯಲ್ಲಿ ಸಂಜೆಯಾಯಿತೆಂದರೆ ಎಲ್ಲರೂ ಕಿವಿ ನಿಮಿರಿಸಿಕೊಂಡೇ ಇರುತ್ತಿದ್ದರು. ಆನೆ ಕೊಂಬೆ ಮುರಿಯುವ ಸದ್ದು ಬಂತೇ, ನಾಯಿ ಯಾಕೆ ಬೊಗಳಿತು, ಹಲಸಿನ ಮರದ ಕಡೆ ಏನದು? ಮಾತಿನ ನಡುವೆ ಒಬ್ಬರು ಕೈ ಎತ್ತಿದರೆ ಉಳಿದವರು ಸುಮ್ಮನಾಗಿ ಆಲಿಸುತ್ತಿದ್ದರು. ಹೆರಿಗೆಯಾಗಿ ಕೆಲವು ತಿಂಗಳ ನಂತರ ಅಕ್ಕನೂ ಹಾಗೇ ಕೈ ಎತ್ತಿ ಆಲಿಸತೊಡಗಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಆಲಿಸುವುದು ಆ ಮನೆಯಲ್ಲಿ ಕಾಯಿಲೆಯಾಗಿರಲಿಲ್ಲ.

ಮಗಳಿಗೆ ಆರು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಅಕ್ಕ ಮಗುವನ್ನು ಎತ್ತಿಕೊಂಡು ಆಳುಗಳ ಲೈನ್ ಮನೆಗಳಿಗೆ ಹೋಗಿ, ಒಂದು ಜಗಲಿಯ ಮೇಲೆ ಮಲಗಿಸಿ, ಬರಿಗೈಯಲ್ಲಿ ವಾಪಸು ಬಂದಳು. ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೊರಟಿದ್ದ ಹೆಂಗಸರು ಮಗುವನ್ನು ತಂದು ಒಪ್ಪಿಸಿದರು. ಅಕ್ಕನ ಅತ್ತೆ ಮಗುವನ್ನು ಇಟ್ಟುಕೊಂಡರು, ಭಾವ ಅಕ್ಕನನ್ನು ನಮ್ಮ ಮನೆಗೆ ತಂದು ಬಿಟ್ಟರು. ಆಮೇಲೆ ಅವರು ಬೇರೆ ಮದುವೆಯಾದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆಗ ಯಾರಿಗೂ ಏನೂ ತಿಳಿದಿರಲಿಲ್ಲ. "ಮಗುವನ್ನು ಬಿಟ್ಟು ಬಂದವಳು" ಎಂಬ ಮಾತು ಮಾತ್ರ ಅಕ್ಕನಿಗೆ ಅಂಟಿಕೊಂಡಿತು. ಮೈಸೂರಿನಲ್ಲಿ ಚಿಕಿತ್ಸೆ ಕೊಡಿಸಿ, ಮಾತ್ರೆಗಳು ಹೊಂದಿಕೊಂಡು, ಅವಳು ಹೊಲಿಗೆ ಕಲಿತು ಕುಳಿತುಕೊಳ್ಳುವ ಹೊತ್ತಿಗೆ ಐದಾರು ವರ್ಷ ಹಿಡಿಯಿತು.

ಮಗಳು ಬಂದದ್ದು ಅವಳಿಗೆ ಹದಿನಾರು ತುಂಬಿದಾಗ. ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿ, ಒಬ್ಬಳೇ ಸ್ಟುಡಿಯೊದ ಬಾಗಿಲಿಗೆ ಬಂದು ನಿಂತಳು. ಯಾರೋ ಫೋಟೊಗೆ ಬಂದವಳೆಂದು ನಾನು ಕುರ್ಚಿ ತೋರಿಸಿದೆ. ಅವಳು ಕೂರದೆ ಕಿಟಕಿಯ ಕಡೆ ನೋಡುತ್ತಾ ನಿಂತಳು. ಅಕ್ಕ ತಲೆ ಎತ್ತಿದಳು. ಇಬ್ಬರೂ ಅಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಅಕ್ಕ ಎದ್ದು, "ಊಟ ಆಗಿದೆಯಾ?" ಎಂದಳು.

ಆಮೇಲೆ ರಜೆಯಲ್ಲಿ ಒಂದೆರಡು ದಿನಕ್ಕೆಂದು ಬರತೊಡಗಿದಳು. ಅಪ್ಪನ ಎರಡನೆಯ ಹೆಂಡತಿಯನ್ನು ಅಮ್ಮ ಎಂದು ಕರೆದು ರೂಢಿಯಾಗಿದ್ದರಿಂದ ಅಕ್ಕನನ್ನು ಏನೆಂದು ಕರೆಯುವುದೆಂದು ಅವಳಿಗೆ ತೋಚಲಿಲ್ಲ. ಒಂದು ವರ್ಷ ಏನೂ ಕರೆಯದೆ ಮಾತಾಡಿದಳು. ಆಮೇಲೆ ಒಂದು ದಿನ ಅಡುಗೆಮನೆಯಿಂದ, "ಅವ್ವ, ಉಪ್ಪು ಎಲ್ಲಿದೆ?" ಎಂದು ಕೂಗಿದ್ದು ಕೇಳಿಸಿತು. ಅಕ್ಕ ಉತ್ತರ ಕೊಡುವುದನ್ನೇ ಮರೆತು ಕೂತಿದ್ದಳು. ಉಪ್ಪಿನ ಡಬ್ಬಿಯನ್ನು ನಾನು ಹೋಗಿ ತೋರಿಸಿದೆ.

ಪಿಯುಸಿ ಮುಗಿಸಿ ಅವಳು ಮೈಸೂರಿನಲ್ಲಿ ನರ್ಸಿಂಗ್ ಓದಲು ಸೇರಿದ ವರ್ಷವೇ ನಾನು ಮಡಿಕೇರಿಯಲ್ಲಿ ನಡೆದ ಎರಡು ದಿನದ ಫೋಟೊಗ್ರಫಿ ಶಿಬಿರಕ್ಕೆ ಹೋದೆ. ಎಲ್ಲರ ಕೈಗೂ ಫೋನ್ ಬಂದು ಸ್ಟುಡಿಯೊಗಳ ಕೆಲಸ ಸೊರಗಿದ್ದ ಕಾಲ. ಹೊಸತೇನಾದರೂ ಕಲಿಯಬೇಕೆಂಬ ಆಸೆ. ಶಿಬಿರ ನಡೆಸಿದ ಹಿರಿಯ ಫೋಟೊಗ್ರಾಫರು ಒಬ್ಬರು, "ಕಣ್ಣಿಗೆ ಕಾಣುವುದನ್ನು ಎಲ್ಲರೂ ತೆಗೀತಾರೆ. ಕಾಣದೇ ಇರೋದನ್ನ ನೀವೇ ಜೋಡಿಸಿ, ನಟಿಸಿ, ಸಿದ್ಧಮಾಡಿ ತೆಗೆದು ನೋಡಿ. ಚೆನ್ನಾಗಿ ಬಂದರೆ ಪ್ರದರ್ಶನಕ್ಕೆ ಇಡೋಣ" ಎಂದರು. ವಾಪಸು ಬರುವ ಬಸ್ಸಿನಲ್ಲೇ ನನಗೆ ಅಕ್ಕನ ಕಾಯಿಲೆ ಹೊಳೆಯಿತು. ಜನಕ್ಕೆ ಅರ್ಥ ಮಾಡಿಸಬಹುದು ಎಂದು ಅಂದುಕೊಂಡೆ. ಅದು ಸುಳ್ಳಲ್ಲ. ಅದೊಂದೇ ನಿಜವೂ ಅಲ್ಲ.

ಮಾರನೆಯ ದಿನ ಅಕ್ಕನ ಬಳಿ ಸ್ಟೂಲು ಎಳೆದುಕೊಂಡು ಕೂತೆ. "ಅಕ್ಕ, ನಿಂಗೆ ಕೇಳಿಸ್ತಿತ್ತಲ್ಲ, ಅದು ಹೆಂಗಿರುತ್ತೆ ಅಂತ ನಂಗೆ ಹೇಳ್ತೀಯಾ? ಅದನ್ನ ಫೋಟೊ ಮಾಡ್ಬೇಕು ಅಂತಿದೀನಿ."

ಅವಳು ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು. "ಇಷ್ಟು ವರ್ಷಕ್ಕೆ ಇವತ್ತು ಕೇಳ್ದೆ ನೀನು," ಎಂದಳು. ಸಿಟ್ಟಿರಲಿಲ್ಲ. "ಡಾಕ್ಟ್ರು ಎಷ್ಟು ಸಲ ಕೇಳಿಸ್ತು ಅಂತಾರೆ. ಬರ್ಕೋತಾರೆ. ಅದು ಏನ್ ಹೇಳ್ತು ಅಂತ ಯಾರೂ ಕೂತು ಕೇಳ್ಳಿಲ್ಲ."

"ಹಂಗಾದ್ರೆ ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ನನ್ನ ಮುಖ ಬೇಡ ಕಣೇ. ನಿನ್ನ ಮುಖಾನೇ ಇಟ್ಕೊ. ಹೆಂಗೂ ಒಂದೇ ಥರ ಇದೀವಿ."

ಹೀಗೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಸ್ಟುಡಿಯೊದ ಮುಂಬಾಗಿಲು ಹಾಕಿಕೊಂಡು ನಾನು ಅಕ್ಕನ ಹಳೆಯ ಸೀರೆ ಉಟ್ಟು ಲೈಟಿನ ಮುಂದೆ ಕೂರುತ್ತಿದ್ದೆ. ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ಅಕ್ಕ. ಬಟನ್ ಒತ್ತುವವಳೂ ಅವಳೇ, ಸರಿಯಿಲ್ಲ ಎನ್ನುವವಳೂ ಅವಳೇ.

ಮೊದಲನೆಯದು ಧ್ವನಿಗಳ ಚಿತ್ರ. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕೂದಲು ಬಿಚ್ಚಿ, ಬಾಯಿ ತೆರೆದು ಚೀರುವವಳ ಹಾಗೆ ಕೂತೆ. ಅಕ್ಕ ಕ್ಯಾಮೆರಾದ ಹಿಂದಿನಿಂದ ನಗತೊಡಗಿದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

"ಯಾಕೆ ಹಂಗೆ ಬಾಯಿ ಬಿಡ್ತೀಯ? ನಾನ್ಯಾವತ್ತು ಚೀರಿದೀನಿ?"

"ಮತ್ತೆ?"

"ಪಕ್ಕದ ಮನೆಯೋರು ಮಾತಾಡಿದ ಹಂಗೆ ಕಣೇ ಅದು. ನಂಜೊತೆ ಅಲ್ಲ, ಅವರವರೇ. ನನ್ನ ಬಗ್ಗೆ. 'ನೋಡು, ಈಗ ಸೂಜಿಗೆ ದಾರ ಹಾಕ್ತಾಳೆ. ಹಾಕಿದ್ಲು. ಕೈ ನಡುಗ್ತು ನೋಡು.' ದಿನವಿಡೀ. ಕಿವಿ ಮುಚ್ಕೊಂಡ್ರೆ 'ಮುಚ್ಕೊಂಡ್ಲು' ಅಂತಾವೆ. ಅದಕ್ಕೇ ನಾನು ಸುಮ್ನೆ ಕೆಲಸ ಮಾಡ್ತಾ ಇರ್ತಿದ್ದೆ."

ನಾವು ಹೊಲಿಗೆ ಯಂತ್ರವನ್ನು ನಡುವೆ ತಂದಿಟ್ಟು, ಎದುರಿಗೆ ಸ್ಟುಡಿಯೊದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ನಾಟಕಕ್ಕೆ ಇಟ್ಟ ಹಾಗೆ ಸಾಲಾಗಿ ಇಟ್ಟೆವು. ಕುರ್ಚಿಗಳೆಲ್ಲ ಖಾಲಿ. ನಾನು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಅಕ್ಕ ಒಂದು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದಳು. "ಇವನು ಹತ್ರ ಬಂದು ಕೂರೋನು," ಎಂದಳು. ಫೋಟೊ ಬಹಳ ಚೆನ್ನಾಗಿ ಬಂತು.

ಎರಡನೆಯದು ಟಿವಿಗೆ ಬೆಡ್‌ಶೀಟು ಹೊದಿಸಿ, ಹಗ್ಗದಿಂದ ಕಟ್ಟಿ, ಅದರ ಕಡೆ ಬೆನ್ನು ಹಾಕಿ ನಾನು ಊಟ ಮಾಡುವ ಚಿತ್ರ. ವಾರ್ತೆ ಓದುವ ಹೆಂಗಸು ತನ್ನನ್ನೇ ನೋಡಿ ಸನ್ನೆಯಲ್ಲಿ ಏನೋ ಹೇಳುತ್ತಾಳೆಂದು ಅಕ್ಕ ಒಂದು ಕಾಲದಲ್ಲಿ ನಂಬಿದ್ದಳು. ಹೀಗೆ ಆರು ಚಿತ್ರಗಳಾದವು. ಅವುಗಳಲ್ಲಿ ಅಕ್ಕನಿಗೆ ತುಂಬ ಹಿಡಿಸಿದ್ದು ಬಾಚಣಿಗೆಯ ಚಿತ್ರ. ಅರ್ಧ ಬಾಚಿದ ತಲೆ, ಕೂದಲಲ್ಲೇ ಸಿಕ್ಕಿಕೊಂಡ ಬಾಚಣಿಗೆ, ಮಡಿಲಲ್ಲಿ ಬಿದ್ದಿರುವ ಕೈಗಳು.

"ಧ್ವನಿಗಿಂತ ಇದೇ ಕಷ್ಟ," ಎಂದಳು. "ಕೈ ಎತ್ತೋಣ ಅಂತ ಅನ್ಕೋತೀನಿ. ಕೈ ಬರಲ್ಲ. ಅಮ್ಮ ಸೋಮಾರಿ ಅಂತಿದ್ರು. ಇದು ಸರಿಯಾಗಿದೆ ನೋಡು. ಇದನ್ನ ಮೊದಲೇ ತೆಗೆದು ಅಮ್ಮಂಗೆ ತೋರಿಸ್ಬೇಕಿತ್ತು."

ಅಕ್ಕನ ಜೊತೆ ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆ ಭಾನುವಾರಗಳಲ್ಲಿ ಇದ್ದಷ್ಟು ಹತ್ತಿರ ನಾನು ಯಾವತ್ತೂ ಇರಲಿಲ್ಲ.

ಬಾಚಣಿಗೆಯ ಚಿತ್ರ ತೆಗೆದ ದಿನ ಕೆಲಸ ಮುಗಿಸಿ ಹಿಂದಿನ ಮೆಟ್ಟಿಲ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ನಾನು ಕೇಳಿರಲಿಲ್ಲ. ಅವಳಾಗಿಯೇ ಶುರುಮಾಡಿದಳು.

"ಮಗು ವಿಷ್ಯ ನಿಂಗೂ ಗೊತ್ತಿಲ್ಲ ಅಲ್ವಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಅದು ನನ್ನ ಮಗು ಅಲ್ಲ ಅಂತ ನಂಗೆ ಗೊತ್ತಾಯ್ತು. ಅನ್ನಿಸಿದ್ದಲ್ಲ ಕಣೇ, ಗೊತ್ತಾಯ್ತು. ಮುಖ ಅದೇ, ಕಿವಿ ಹಿಂದಿನ ಮಚ್ಚೆ ಅದೇ. ಇಷ್ಟು ಸರಿಯಾಗಿ ಮಾಡಿಟ್ಟಿದಾರಲ್ಲ ಅಂತ ಇನ್ನೂ ಭಯ ಆಯ್ತು. ನನ್ನ ಮಗೂನ ಲೈನಲ್ಲಿ ಇಟ್ಟಿದಾರೆ, ಹಸಿದು ಅಳ್ತಿದೆ ಅಂತ ಅವು ಹೇಳ್ತಾನೇ ಇದ್ವು. ಎದೇಲಿ ಹಾಲು ಕಟ್ಟಿತ್ತು. ಇದಕ್ಕೆ ಕುಡಿಸಿಬಿಟ್ರೆ ಅದಕ್ಕೆ ಇಲ್ಲ ಅಂತಾಗುತ್ತೆ ಅಂತ, ತಿರುಗಿ ಗೋಡೆ ಕಡೆ ಮುಖ ಹಾಕಿ ಕೂತೆ. ಎರಡು ದಿನ. ಅತ್ತೆ ಬಾಟ್ಲಿ ಹಾಲು ಕುಡಿಸಿದ್ರು." ಅವಳು ಲೋಟವನ್ನು ಕೆಳಗಿಟ್ಟಳು. "ಮೂರನೇ ದಿನ ಬದಲಾಯಿಸ್ಕೊಂಡು ಬರೋಣ ಅಂತ ಲೈನಿಗೆ ಎತ್ಕೊಂಡು ಹೋದೆ. ಮನೆಮನೆ ಹುಡುಕ್ದೆ. ಅಲ್ಲಿ ನನ್ನ ಮಗು ಇರ್ಲಿಲ್ಲ. ಎಲ್ಲಾರೂ ಹೇಳ್ತಾರಲ್ಲ, ಬಿಟ್ಟು ಬಂದ್ಲು ಅಂತ. ನಾನು ಬಿಡಕ್ಕೆ ಹೋಗಿದ್ದಲ್ಲ. ಹುಡ್ಕೊಂಡು ಹೋಗಿದ್ದು."

ನಾನು ಅವಳ ಲೋಟಕ್ಕೆ ಮತ್ತಷ್ಟು ಕಾಫಿ ಬಗ್ಗಿಸುವಾಗ ಅವಳು ಹೇಳಿದಳು: "ಇದನ್ನ ಮಾತ್ರ ಫೋಟೊ ಮಾಡ್ಬೇಡ. ಅವಳ್ಗೆ ನಾನೇ ಹೇಳ್ಬೇಕು. ಓದು ಮುಗೀಲಿ, ಒಂದು ಕೆಲಸ ಅಂತ ಆಗ್ಲಿ. ಅಷ್ಟೊತ್ತಿಗೆ ನಂಗೂ ಧೈರ್ಯ ಬರುತ್ತೆ."

"ಆಯ್ತು ಅಕ್ಕ," ಎಂದೆ. ಹಾಗೆ ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದೆ.

ಆರು ಚಿತ್ರಗಳನ್ನು ಮಡಿಕೇರಿಗೆ ಒಯ್ದು ಶಿಬಿರದ ಹಿರಿಯರಿಗೆ ತೋರಿಸಿದೆ. ಅವರು ಒಂದೊಂದನ್ನೂ ಬಹಳ ಹೊತ್ತು ನೋಡಿದರು. "ಒಳ್ಳೆ ಕೆಲಸ," ಎಂದರು. "ಆದರೆ ಎಲ್ಲಾ ಮೆತ್ತಗಿದಾವೆ. ನೋಡಿದವರ ಗಂಟಲು ಹಿಡಿಯೋ ಅಂಥದ್ದು ಒಂದು ಬೇಕು. ಅದಿದ್ದರೆ ನಡುಗೋಡೆ ನಿಮಗೇ." ನಡುಗೋಡೆ ಎಂದರೆ ಒಳಗೆ ಬಂದವರು ಮೊದಲು ನೋಡುವ ಗೋಡೆ. ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದವಳು ನಾನು. ನನ್ನ ಚಿತ್ರವೊಂದನ್ನು ಯಾರೂ ಗೋಡೆಯ ನಡುವೆ ಇಟ್ಟಿರಲಿಲ್ಲ.

ಮುಂದಿನ ವಾರ ಅಕ್ಕ ಕುಶಾಲನಗರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆಗೆ, ಅವರ ಸೊಸೆಯ ಸೀಮಂತಕ್ಕೆಂದು ಹೋದಳು. ಕೆಲಸವಿದೆಯೆಂದು ನಾನು ಉಳಿದೆ. ಬಾಗಿಲು ಹಾಕಿ, ಎರಡು ಟವೆಲನ್ನು ಸುರುಳಿ ಸುತ್ತಿ ಒಂದು ಮಗುವಿನ ಗಾತ್ರ ಮಾಡಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ನೆಲದ ಮೇಲೆ ಇಟ್ಟೆ. ಒಂದೇ ಲೈಟು, ಬೆಳಕು ಅದರ ಮೇಲೆ ಬೀಳುವ ಹಾಗೆ. ನಾನು ಅಕ್ಕನ ಸೀರೆ ಉಟ್ಟು, ಮೂರು ಮೊಳ ದೂರದಲ್ಲಿ ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ಅರ್ಧ ಮುಖ ಮಾತ್ರ ಕಾಣುವ ಹಾಗೆ. ಅಕ್ಕ ಒತ್ತುತ್ತಿದ್ದ ಬಟನ್ನಿನ ಬದಲು ಟೈಮರ್ ಇಟ್ಟಿದ್ದೆ. ಅದು ಹತ್ತು ಸೆಕೆಂಡು ಟಿಕ್ ಟಿಕ್ ಎನ್ನುತ್ತಿತ್ತು. ಆ ಹತ್ತು ಸೆಕೆಂಡು, ಹದಿನೈದು ಇಪ್ಪತ್ತು ಸಲ. ಒಂದು ಸಲವೂ ನಾನು ಎದ್ದು ಹೋಗಲಿಲ್ಲ.

ಚಿತ್ರದ ಕೆಳಗೆ ಬರೆದದ್ದು ಎರಡೇ ಪದ: "ಇದು ನನ್ನದಲ್ಲ." ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಲು ಕಟ್ಟಿದ ಎದೆಯ ಮಾತು, ಲೈನ್ ಮನೆಗಳಲ್ಲಿ ಹುಡುಕಿದ ಮಾತು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಅವು ಬಂದರೆ ಚಿತ್ರದ ಬಿಗಿ ಹೋಗುತ್ತದೆ ಎಂದು ನಾನೇ ಬಿಟ್ಟಿದ್ದೆ.

ಪ್ರದರ್ಶನಕ್ಕೆ ಅಕ್ಕ ಬರಲಿಲ್ಲ. ಜನ ಸೇರುವ ಕಡೆ ಅವಳು ಹೋಗುವುದು ಕಡಿಮೆ. ನಡುಗೋಡೆಯ ಮುಂದೆ ಜನ ನಿಲ್ಲುತ್ತಿದ್ದರು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬ ಪತ್ರಕರ್ತೆ ಬಂದು, "ಮೇಡಂ, ಇಷ್ಟು ಆಳವಾಗಿ ಹೇಗೆ ಗೊತ್ತಾಯಿತು ನಿಮಗೆ?" ಎಂದು ಕೇಳಿದಳು. ಆ ಹೊತ್ತಿನಲ್ಲಿ ಪುಸ್ತಕ ಓದಿದೆ ಎನ್ನಬಹುದಿತ್ತು. ಸುಮ್ಮನೆ ನಗಬಹುದಿತ್ತು. "ನಮ್ಮ ಅಕ್ಕನ ಅನುಭವ," ಎಂದೆ. ಮಾರನೆಯ ದಿನ ಸ್ಥಳೀಯ ಪತ್ರಿಕೆಯಲ್ಲಿ ಚಿತ್ರವೂ ಆ ಮಾತೂ ಬಂದವು. ಅಂದು ಅಂಗಡಿಗೆ ಬರುವ ಪತ್ರಿಕೆಯನ್ನು ಮಡಚಿ ಮೇಜಿನ ಖಾನೆಯೊಳಗೆ ಹಾಕಿದೆ. ಅಕ್ಕ ಪತ್ರಿಕೆ ಓದುವವಳಲ್ಲ. ಆದರೂ ಹಾಕಿದೆ.

ಫೋನಿನ ಗುಂಪುಗಳಲ್ಲಿ ಆ ಚಿತ್ರ ಎಲ್ಲೆಲ್ಲಿ ತಿರುಗಿತೋ ತಿಳಿಯದು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೈಸೂರಿನಿಂದ ಅಕ್ಕನ ಮಗಳ ಫೋನ್ ಬಂತು. ಅಕ್ಕ ಒಳಗೆ ಮಲಗಿದ್ದಳು.

"ಚಿಕ್ಕಮ್ಮ, ಒಂದು ಕೇಳ್ಲಾ?" ಎಂದಳು. ಧ್ವನಿ ಬಹಳ ಸಮಾಧಾನವಾಗಿತ್ತು. "ಇವತ್ತು ಮಾನಸಿಕ ರೋಗಗಳ ಕ್ಲಾಸಿತ್ತು. ಭ್ರಮೆ ಅಂದ್ರೆ ಏನು ಅಂತ ಹೇಳ್ತಾ ಮೇಡಂ ಒಂದು ಫೋಟೊ ತೋರಿಸಿದ್ರು. ಅದ್ರಲ್ಲಿ ನೀವಿದ್ರಿ. ಉಟ್ಟಿದ್ದು ಅವ್ವನ ಸೀರೆ."

ನಾನು ಏನೋ ಹೇಳಲು ಹೊರಟೆ.

"ಆ ಬಟ್ಟೇಲಿ ಸುತ್ತಿಟ್ಟಿರೋದು ನಾನಾ, ಚಿಕ್ಕಮ್ಮ?"

ಅಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಲ್ಲ ಎಂದರೆ ಸುಳ್ಳು. ಹೌದು ಎಂದರೆ ಅದು ನಾನು ಹೇಳುವ ಮಾತಲ್ಲ. ಎರಡರ ನಡುವೆ ಸಿಕ್ಕಿ ಸುಮ್ಮನಾದೆ.

"ಸರಿ, ಗೊತ್ತಾಯ್ತು," ಎಂದು ಫೋನ್ ಇಟ್ಟಳು.

ದೀಪಾವಳಿಗೆ ಅವಳು ಬರಲಿಲ್ಲ. ಪರೀಕ್ಷೆ ಎಂದು ಅಕ್ಕನಿಗೆ ಮೆಸೇಜ್ ಕಳಿಸಿದ್ದಳು. ಕ್ರಿಸ್‌ಮಸ್ ರಜೆಗೂ ಬರಲಿಲ್ಲ. ಅಕ್ಕ ಫೋನ್ ಮಾಡಿದರೆ ಎತ್ತುತ್ತಿದ್ದಳು, ಎರಡು ಮಾತಾಡಿ ಕ್ಲಾಸಿದೆ ಎನ್ನುತ್ತಿದ್ದಳು. ಅಕ್ಕ ಅವಳಿಗೆಂದು ಹೊಲಿದಿಟ್ಟಿದ್ದ ಚೂಡಿದಾರವನ್ನು ಮತ್ತೆ ಮತ್ತೆ ಬಿಚ್ಚಿ ನೋಡಿ ಮಡಚಿ ಇಡುತ್ತಿದ್ದಳು. "ನನ್ನ ಮಾತಲ್ಲಿ ಏನಾದ್ರೂ ತಪ್ಪಾಯ್ತೇನೇ?" ಎಂದು ನನ್ನನ್ನೇ ಕೇಳುತ್ತಿದ್ದಳು. ಪ್ರತಿ ಸಲವೂ, "ಇಲ್ಲ ಅಕ್ಕ, ಓದೋದು ಜಾಸ್ತಿ ಇರುತ್ತೆ ಅವಳ್ಗೆ," ಎನ್ನುತ್ತಿದ್ದೆ. ಚಿತ್ರ ತೆಗೆದದ್ದು ತಪ್ಪು. ಆದರೆ ಈ ಮೂರು ತಿಂಗಳು ಅವಳು ತನ್ನಲ್ಲೇ ತಪ್ಪು ಹುಡುಕುತ್ತಿರುವಾಗ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಜನವರಿಯಲ್ಲಿ ಒಂದು ಸಂತೆಯ ದಿನ. ರವಿಕೆ ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಅಕ್ಕನ ಮುಖವನ್ನೇ ನೋಡಿ, "ಪೇಪರಲ್ಲಿ ಬಂದಿತ್ತಲ್ಲ, ಮಗು ಫೋಟೊ, ಅದು ನೀವೇ ಅಲ್ವಾ? ಪಾಪ," ಎಂದಳು. ಅಕ್ಕ ಅಳತೆ ಬರೆದುಕೊಂಡಳು. ಹೆಂಗಸು ಹೋದ ಮೇಲೆ ಟೇಪನ್ನು ಕತ್ತಿನಿಂದ ತೆಗೆದು ಸುತ್ತಿಟ್ಟು ನನ್ನ ಬಳಿ ಬಂದಳು.

"ಯಾವ ಫೋಟೊ?"

ಖಾನೆಯಿಂದ ಪತ್ರಿಕೆ ತೆಗೆದುಕೊಟ್ಟೆ. ಅವಳು ನಿಂತುಕೊಂಡೇ ನೋಡಿದಳು. ಚಿತ್ರವನ್ನು, ಕೆಳಗಿನ ಎರಡು ಪದವನ್ನು, ನಾನು ಹೇಳಿದ್ದೆಂದು ಬರೆದಿದ್ದ ಸಾಲನ್ನು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಗಳ ಫೋನ್ ಬಂದದ್ದನ್ನೂ ಹೇಳಿದೆ. ಬಯ್ಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ.

"ಅವಳು ಕ್ಲಾಸಲ್ಲಿ ಎಲ್ಲಾರ ಮಧ್ಯ ಕೂತು ನೋಡಿದ್ಲಾ?" ಎಂದಳು.

"ಹೂಂ."

"ನಾನು ಹೇಳ್ಬೇಕಿತ್ತು ಕಣೇ. ನಾನು ಹೇಳಿದ್ರೆ ಲೈನಿಗೆ ಯಾಕೆ ಹೋದೆ ಅಂತಾನೂ ಹೇಳ್ತಿದ್ದೆ." ಪತ್ರಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಮೇಜಿನ ಮೇಲಿಟ್ಟಳು. "ಇದ್ರಲ್ಲಿ ನಾನು ಮುಖ ತಿರುಗಿಸ್ಕೊಂಡು ಕೂತಿರೋದು ಅಷ್ಟೇ ಇದೆ."

ಆ ದಿನ ಮಧ್ಯಾಹ್ನ ಎಂದಿನಂತೆ ಅನ್ನ, ಸಾರು ಮಾಡಿದಳು. ನನಗೂ ಬಡಿಸಿದಳು. ಮಾತು ಬಿಡಲಿಲ್ಲ. ಹಾಲು ಬಂತಾ, ಕರೆಂಟು ಹೋಯ್ತಾ, ಗ್ಯಾಸ್ ಬುಕ್ ಮಾಡಿದೆಯಾ, ಎಲ್ಲ ಮಾತೂ ಇದ್ದವು. ತನ್ನ ಒಳಗಿನದೊಂದು ಮಾತ್ರ ನಿಂತುಹೋಯಿತು. "ನಿದ್ದೆ ಬಂತಾ ಅಕ್ಕ?" ಎಂದರೆ "ಬಂತು" ಎನ್ನುತ್ತಿದ್ದಳು. "ಏನಾದ್ರೂ ಕೇಳಿಸ್ತಿದೆಯಾ?" ಎಂದರೆ "ಇಲ್ಲ" ಎನ್ನುತ್ತಿದ್ದಳು. ಶಿಬಿರದ ಹಿರಿಯರಿಗೆ ಹೇಳಿ ಅವರ ಬಳಿ ಉಳಿದಿದ್ದ ಆ ಚಿತ್ರವನ್ನು ವಾಪಸು ತರಿಸಿಕೊಂಡೆ, ನನ್ನಲ್ಲಿದ್ದ ಅದರ ಪ್ರತಿಗಳನ್ನೆಲ್ಲ ಅಳಿಸಿದೆ. ಮಗಳಿಗೆ ಉದ್ದನೆಯ ಮೆಸೇಜ್ ಬರೆದು ಕ್ಷಮೆ ಕೇಳಿದೆ. ಅವಳು ಓದಿದಳು, ಉತ್ತರ ಬರಲಿಲ್ಲ. ಲೈನಿಗೆ ಹುಡುಕಿಕೊಂಡು ಹೋದ ಸಂಗತಿಯನ್ನು ಆ ಮೆಸೇಜಿನಲ್ಲಿ ಬರೆಯಬೇಕೆಂದು ಹತ್ತು ಸಲ ಅಂದುಕೊಂಡೆ. ಇನ್ನೊಂದು ಸಲ ಅಕ್ಕನ ಮಾತನ್ನು ನನ್ನ ಕೈಯಿಂದ ಹೇಳುವುದು ಬೇಡವೆಂದು ಬಿಟ್ಟೆ.

ಮಳೆಗಾಲದ ಹೊತ್ತಿಗೆ ಕಾಯಿಲೆ ಮರುಕಳಿಸಿತ್ತು. ಮೊದಲಾಗಿದ್ದರೆ ಅವಳೇ, "ಯಾಕೋ ಮಾತು ಜಾಸ್ತಿ ಆಗ್ತಿದೆ ಕಣೇ, ಡಾಕ್ಟರ ಹತ್ರ ಹೋಗೋಣ," ಎನ್ನುತ್ತಿದ್ದಳು. ಹತ್ತು ವರ್ಷ ಹಾಗೆ ಹೇಳಿಯೇ ಉಳಿದುಕೊಂಡಿದ್ದಳು. ಈ ಸಲ ನನ್ನ ಮುಂದೆ ನಗುಮುಖ ಇಟ್ಟುಕೊಂಡು, ನೆಟ್ಟಗೆ ಕೂತು, ಸರಿಯಾಗಿ ತಲೆ ಬಾಚಿಕೊಂಡು ಇರುತ್ತಿದ್ದಳು. ನಾನು ನಂಬಿದೆ. ಮಾತ್ರೆ ನಿಲ್ಲಿಸಿದ್ದಳೆಂಬುದು ತಿಳಿದದ್ದು, ಹೊಲಿಯಲು ಕೊಟ್ಟಿದ್ದ ಬಟ್ಟೆಗಳ ಕಟ್ಟುಗಳ ಒಳಗೆ ಸಾಲು ಸಾಲು ಮಾತ್ರೆ ಸಿಕ್ಕಾಗ. ಅಂದು ಅವಳು ನನ್ನ ಲೈಟುಗಳಿಗೆಲ್ಲ ಬಟ್ಟೆ ಸುತ್ತಿ, ಕ್ಯಾಮೆರಾವನ್ನು ನೀರಿನ ಡ್ರಮ್ಮಿಗೆ ಹಾಕಿ, ಮೂಲೆಯಲ್ಲಿ ಕೂತಿದ್ದಳು. ಹತ್ತಿರ ಹೋದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ತೆಗೀಬೇಡ, ತೆಗೀಬೇಡ," ಎನ್ನುತ್ತಿದ್ದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಚಿಕ್ಕಪ್ಪನ ಮಗ ಕಾರು ತಂದ. ಮೈಸೂರಿನ ಆಸ್ಪತ್ರೆಯಲ್ಲಿ ಆರು ವಾರ ಇರಬೇಕಾಯಿತು. ಮೊದಲ ವಾರ ನನ್ನನ್ನು ನೋಡಿದರೇ ಅವಳು ಹೆದರುತ್ತಿದ್ದಳು. ಡಾಕ್ಟರು ನನ್ನನ್ನು ವರಾಂಡದಲ್ಲೇ ಇರಲು ಹೇಳಿದರು. ಅವಳ ಬಳಿ ಕೂರಲು ಯಾರಾದರೂ ಬೇಕಿತ್ತು. ಮಗಳಿಗೆ ಫೋನ್ ಮಾಡಿದೆ. ಬರುತ್ತಾಳೆಂಬ ಧೈರ್ಯವಿರಲಿಲ್ಲ. "ಯಾವ ವಾರ್ಡು?" ಎಂದಷ್ಟೇ ಕೇಳಿದಳು. ಒಂದು ಗಂಟೆಯಲ್ಲಿ ಕಾಲೇಜಿನ ಸಮವಸ್ತ್ರದಲ್ಲೇ ಬಂದಳು. ನನ್ನ ಮುಂದೆಯೇ ಹಾದು ಒಳಗೆ ಹೋದಳು, ತಿರುಗಿ ನೋಡಲಿಲ್ಲ.

ದಿನಾ ಕ್ಲಾಸು ಮುಗಿಸಿ ಬರತೊಡಗಿದಳು. ನಾಲ್ಕನೆಯ ವಾರವೋ ಏನೋ, ಅಕ್ಕ ಚೇತರಿಸಿಕೊಳ್ಳುತ್ತಿದ್ದಳು. ಅಂದು ಇಬ್ಬರೂ ಕಿಟಕಿಯ ಬಳಿ ಬಹಳ ಹೊತ್ತು ಮಾತಾಡಿದರು. ನಾನು ಬಾಗಿಲಿನ ಆಚೆ ಬೆಂಚಿನ ಮೇಲಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಅಕ್ಕನ ಕೈಗಳು ಗಾಳಿಯಲ್ಲಿ ಮಗುವನ್ನು ಎತ್ತಿಕೊಂಡು ನಡೆಯುವ ಹಾಗೆ ಆಡುತ್ತಿದ್ದುದು ಮಾತ್ರ ಕಾಣಿಸಿತು. ಮಗಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ನಾನು ಎದ್ದು ನಿಂತೆ.

"ಅವ್ವ ನನ್ನನ್ನ ಹುಡ್ಕೊಂಡು ಹೋಗಿದ್ರಂತೆ," ಎಂದಳು. "ನಿಮಗೆ ಗೊತ್ತಿತ್ತಾ, ಚಿಕ್ಕಮ್ಮ?"

"ಗೊತ್ತಿತ್ತು."

"ಮತ್ತೆ ಅದನ್ಯಾಕೆ ತೋರಿಸ್ಲಿಲ್ಲ?"

ಫೋಟೊದಲ್ಲಿ ಅದು ಬರುತ್ತಿರಲಿಲ್ಲ ಎಂದೆ. ಹೇಳಿದ ಕೂಡಲೇ ಆ ಉತ್ತರ ನನಗೇ ಅಸಹ್ಯವಾಯಿತು. ಅವಳು ತಲೆಯಾಡಿಸಿ, ವಾರ್ಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಅಕ್ಕನ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಬರಲು ಹೋದಳು.

ಇದಾಗಿ ಎರಡು ವರ್ಷವಾಗುತ್ತಾ ಬಂತು. ಮಗಳ ಓದು ಮುಗಿದಿದೆ, ಮೈಸೂರಿನಲ್ಲೇ ಕೆಲಸ ಸಿಕ್ಕಿದೆ. ಎರಡು ತಿಂಗಳಿಗೊಮ್ಮೆಯಾದರೂ ಬಂದು ಹೋಗುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ಬರುವಾಗ ನನಗೂ ಏನಾದರೂ ತರುತ್ತಾಳೆ, ಹೋದ ಸಲ ಒಂದು ಸ್ವೆಟರ್ ತಂದಿದ್ದಳು. ಅಕ್ಕ ಮತ್ತೆ ಹೊಲಿಯುತ್ತಿದ್ದಾಳೆ. ಮೊದಲಿನಷ್ಟು ಬಟ್ಟೆ ಬರುವುದಿಲ್ಲ. ಕೆಲವು ಹೆಂಗಸರು ಈಗ ಬೇರೆ ಕಡೆ ಕೊಡುತ್ತಾರೆ. ಆ ಬಗ್ಗೆ ಅಕ್ಕ ಏನೂ ಹೇಳುವುದಿಲ್ಲ. ನಾನು ಹೊಸ ಕ್ಯಾಮೆರಾ ಕೊಂಡೆ, ಅದನ್ನು ಕೆಲಸ ಮುಗಿದ ಕೂಡಲೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಬೀಗದ ಕೈ ಅಕ್ಕನ ಬಳಿ ಇರುತ್ತದೆ. ಅವಳು ಕೇಳಿದ್ದಲ್ಲ, ನಾನೇ ಕೊಟ್ಟದ್ದು.

ಆ ಚಿತ್ರ ಇನ್ನೂ ಎಲ್ಲೋ ತಿರುಗುತ್ತಲೇ ಇದೆ. ಕಳೆದ ವರ್ಷ ಒಂದು ಕಾಲೇಜಿನಿಂದ ಯಾರೋ ಫೋನ್ ಮಾಡಿ, ಮಾನಸಿಕ ಆರೋಗ್ಯದ ಕಾರ್ಯಕ್ರಮದ ಪೋಸ್ಟರಿಗೆ ಅದನ್ನು ಬಳಸಲು ಒಪ್ಪಿಗೆ ಕೇಳಿದರು. ಜನರಿಗೆ ತಿಳಿವಳಿಕೆ ಬರುತ್ತದೆ ಮೇಡಂ ಎಂದರು. ನಾನು ಅಕ್ಕನನ್ನು ಕೇಳಿದೆ. "ಅದ್ರಲ್ಲಿರೋದು ನಿನ್ನ ಮುಖ ತಾನೇ," ಎಂದಳು, ಹೊಲಿಗೆಯಿಂದ ಕಣ್ಣೆತ್ತದೆ. ಬೇಡ ಎಂದು ಅವರಿಗೆ ಹೇಳಿದೆ. ಬಾಚಣಿಗೆಯ ಚಿತ್ರ ಕೊಡಲೇ ಎಂದು ಕೇಳಿದೆ. ಅದರಲ್ಲಿ ಅಂಥದ್ದೇನೂ ಕಾಣುವುದಿಲ್ಲ ಎಂದರು.

ಮೂರು ತಿಂಗಳಿಗೊಮ್ಮೆ ಅಕ್ಕನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಮೊದಲ ಬಸ್ಸು, ಕಿಟಕಿಯ ಪಕ್ಕದ ಸೀಟು ಅವಳಿಗೆ. ಕೋಣೆಯೊಳಗೆ ಇಬ್ಬರೂ ಹೋಗುತ್ತೇವೆ. ಡಾಕ್ಟರು ನಿದ್ದೆ, ಊಟ, ತೂಕ ಎಲ್ಲ ವಿಚಾರಿಸಿ, "ಮತ್ತೆ, ಧ್ವನಿಗಳು ಹೇಗಿವೆ?" ಎಂದು ಕೇಳುತ್ತಾರೆ. ಆಗ ಅಕ್ಕ ಉತ್ತರಿಸದೆ ಒಂದು ಸಲ ನನ್ನ ಕಡೆ ನೋಡುತ್ತಾಳೆ. ಸಿಟ್ಟಿನಿಂದಲ್ಲ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ನಾನು ಚೀಲ ಎತ್ತಿಕೊಂಡು ಹೊರಗೆ ಬರುತ್ತೇನೆ. ಅವಳು ಒಂದು ದಿನವೂ ಕೂತ್ಕೋ ಎಂದಿಲ್ಲ. ಕೆಲವೊಮ್ಮೆ ಅರ್ಧ ಗಂಟೆಯಾಗುತ್ತದೆ. ಅಷ್ಟು ಹೊತ್ತು ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಹೊರಗೆ ಬಂದು, "ಹೊರಡೋಣ್ವಾ? ಎರಡು ಗಂಟೆ ಬಸ್ಸು ಸಿಗುತ್ತೆ," ಎನ್ನುತ್ತಾಳೆ.